ರೆಕ್ಕೆಯೊಳಗಿನ ಕೆಲಸ

ಆಧುನಿಕ ಯುದ್ಧವಿಮಾನದ ರೆಕ್ಕೆಯೇ ಅದರ ಇಂಧನದ ತೊಟ್ಟಿ. ಹಿಂದಿನ ಕಾಲದ ವಿಮಾನಗಳಲ್ಲಿ ರಬ್ಬರಿನ ದೊಡ್ಡ ಚೀಲಗಳನ್ನು ಒಡಲಿನಲ್ಲಿಯೂ ರೆಕ್ಕೆಗಳಲ್ಲಿಯೂ ಕೂರಿಸಿ ಅವುಗಳಿಗೆ ಇಂಧನ ತುಂಬುತ್ತಿದ್ದರು. ತೂಕವನ್ನೂ ಜಾಗವನ್ನೂ ಉಳಿಸಬೇಕೆಂಬ ಒತ್ತಡ ಹೆಚ್ಚಿದಂತೆ ಆ ಚೀಲಗಳನ್ನು ಕೈಬಿಟ್ಟು, ಲೋಹದ ಟೊಳ್ಳುಗಳ ಪ್ರತಿಯೊಂದು ಸಂದಿಗೂ ಮೊಳೆಗೂ ಸೀಲಂಟ್ ಎಂಬ ಅಂಟುಪದಾರ್ಥ ಬಳಿದು, ವಿಮಾನದ ಒಡಲನ್ನೇ ಸೋರದ ಟ್ಯಾಂಕನ್ನಾಗಿ ಮಾಡುವ ವಿಧಾನ ರೂಢಿಗೆ ಬಂತು. ಇಂಥ ಟ್ಯಾಂಕು ಸೋರತೊಡಗಿದರೆ ಅದನ್ನು ಬಿಚ್ಚಿ ಹೊರಗಿಟ್ಟು ರಿಪೇರಿ ಮಾಡುವಂತಿಲ್ಲ, ಏಕೆಂದರೆ ಬಿಚ್ಚಬಹುದಾದ ಪ್ರತ್ಯೇಕ ವಸ್ತುವೇ ಅಲ್ಲಿಲ್ಲ. ಭುಜ ತೂರುವಷ್ಟೇ ಅಗಲದ ಕಿಂಡಿಯಿಂದ ಒಬ್ಬ ಮನುಷ್ಯ ಒಳಗೆ ತೆವಳಿಕೊಂಡು ಹೋಗಿ, ಪೂರ್ತಿ ಆರದ ಇಂಧನದ ನಡುವೆ ಮಲಗಿ, ಹಳೆಯ ಸೀಲಂಟನ್ನು ಕೆರೆದು ಹೊಸದನ್ನು ಬಳಿಯಬೇಕು. ವೈಮಾನಿಕ ಚರಿತ್ರೆಯ ಪುಸ್ತಕಗಳಲ್ಲಿ ಈ ಮನುಷ್ಯನ ಪ್ರಸ್ತಾಪ ಬಹಳ ಅಪರೂಪ. ವೈದ್ಯವಿಜ್ಞಾನ ಅವನನ್ನು ಗಮನಿಸಿದ್ದೂ ತಡವಾಗಿ. ಆ ತಡದಿಂದ ಆದ ನಷ್ಟವನ್ನು ಅಳೆಯಲು ಇಂದಿಗೂ ಪೂರ್ತಿಯಾಗಿ ಸಾಧ್ಯವಾಗಿಲ್ಲ.

ಅವನು ಉಸಿರಾಡುವ ವಸ್ತು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಜೆಟ್ ವಿಮಾನದ ಇಂಧನ ಮೂಲತಃ ಚೆನ್ನಾಗಿ ಶುದ್ಧೀಕರಿಸಿದ ಸೀಮೆಎಣ್ಣೆ. ಆದರೆ ಸೀಮೆಎಣ್ಣೆ ಎಂಬುದು ನೀರಿನಂತೆ ಒಂದೇ ರಾಸಾಯನಿಕವಲ್ಲ. ಸುಮಾರು 8ರಿಂದ 16 ಇಂಗಾಲದ ಪರಮಾಣುಗಳುಳ್ಳ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳು, ಅಂದರೆ ಇಂಗಾಲ ಮತ್ತು ಜಲಜನಕ ಮಾತ್ರ ಸೇರಿ ಆದ ಅಣುಗಳು, ಅದರಲ್ಲಿ ಕಲೆತಿರುತ್ತವೆ. ಇವುಗಳಲ್ಲಿ ಕೆಲವು ನೇರ ಸರಪಳಿಗಳು, ಕೆಲವು ಕವಲೊಡೆದವು, ಇನ್ನು ಕೆಲವು ಉಂಗುರದ ಆಕಾರದವು. ಉಂಗುರದ ಅಣುಗಳಲ್ಲಿ ಆರೊಮ್ಯಾಟಿಕ್ ಎಂಬ ವರ್ಗವೊಂದಿದ್ದು, ಬೆಂಜೀನ್, ಟಾಲುಯೀನ್, ಕ್ಸೈಲೀನ್ ಮತ್ತು ನುಸಿಗುಳಿಗೆಯ ವಾಸನೆಯಿಂದ ಎಲ್ಲರಿಗೂ ಪರಿಚಿತವಾದ ನ್ಯಾಫ್ತಲೀನ್ ಈ ವರ್ಗಕ್ಕೆ ಸೇರುತ್ತವೆ. ವಿಮಾನ ಇಂಧನದಲ್ಲಿ ಆರೊಮ್ಯಾಟಿಕ್‌ಗಳ ಪ್ರಮಾಣ ಶೇಕಡ 25ರವರೆಗೆ ಇರಬಹುದೆಂದು ಗುಣಮಟ್ಟದ ನಿಯಮಗಳು ಹೇಳುತ್ತವೆ. ಇದರ ಮೇಲೆ ಹಿಮಗಟ್ಟುವುದನ್ನು ತಡೆಯಲು, ಸ್ಥಿರವಿದ್ಯುತ್ತಿನ ಕಿಡಿಯನ್ನು ತಪ್ಪಿಸಲು, ತುಕ್ಕನ್ನು ದೂರವಿಡಲು ಅಲ್ಪ ಪ್ರಮಾಣದ ಬೇರೆ ರಾಸಾಯನಿಕಗಳೂ ಸೇರುತ್ತವೆ. ಹೀಗಾಗಿ ಇಂಧನದ ವಿಷಗುಣವನ್ನು ಅಭ್ಯಸಿಸುವವರಿಗೆ ಎದುರಾಗುವ ಮೊದಲ ತೊಡಕು ಇದೇ: ಒಂದೊಂದು ಅಣುವನ್ನೂ ಬಿಡಿಯಾಗಿ ಪರೀಕ್ಷಿಸಿ ಬಂದ ಉತ್ತರಗಳನ್ನು ಕೂಡಿಸಿದರೆ ಮಿಶ್ರಣದ ಉತ್ತರ ಸಿಗುವುದಿಲ್ಲ.

ಈ ಮಿಶ್ರಣ ದೇಹವನ್ನು ಸೇರುವ ಪ್ರಮುಖ ದಾರಿಗಳು ಎರಡು. ಆವಿಯಾಗಿಯೂ ಸೂಕ್ಷ್ಮ ಹನಿಗಳಾಗಿಯೂ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ದ್ರವವಾಗಿ ಅದು ಚರ್ಮದ ಮೂಲಕ ಇಳಿಯುತ್ತದೆ. ಎರಡನೆಯ ದಾರಿಯನ್ನು ಬಹುಕಾಲ ಲಘುವಾಗಿ ಎಣಿಸಲಾಗಿತ್ತು. ಚರ್ಮದ ಹೊರಪದರದ ಕೋಶಗಳ ನಡುವೆ ಕೊಬ್ಬಿನಂಥ ವಸ್ತು ತುಂಬಿಕೊಂಡಿದ್ದು ಅದು ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕೊಬ್ಬನ್ನು ಕರಗಿಸುವ ಹೈಡ್ರೋಕಾರ್ಬನ್‌ಗಳ ಮುಂದೆ ಅದರ ತಡೆ ದುರ್ಬಲ. ಇಂಧನ ತಗುಲಿದ ಚರ್ಮ ಮೊದಲು ಒಣಗುತ್ತದೆ, ಬಿರುಕು ಬಿಡುತ್ತದೆ, ಕೆಂಪಾಗಿ ಉರಿಯುತ್ತದೆ. ಹೀಗೆ ಕೆಟ್ಟ ಚರ್ಮದೊಳಗೆ ಮರುದಿನದ ಇಂಧನ ಇನ್ನೂ ಸುಲಭವಾಗಿ ಇಳಿಯುತ್ತದೆ. ಇಂಧನದಲ್ಲಿ ತೊಯ್ದ ಹತ್ತಿಯ ಬಟ್ಟೆಯನ್ನು ಪಾಳಿ ಮುಗಿಯುವವರೆಗೂ ತೊಟ್ಟುಕೊಂಡೇ ಇರುವ ಕೆಲಸಗಾರನ ಮೈಮೇಲೆ ಈ ಪ್ರಕ್ರಿಯೆ ಗಂಟೆಗಟ್ಟಲೆ ನಡೆಯುತ್ತಿರುತ್ತದೆ, ಅವನ ಮುಖವಾಡ ಎಷ್ಟೇ ಉತ್ತಮವಾಗಿರಲಿ.

ರಕ್ತಕ್ಕೆ ಸೇರಿದ ಮೇಲೆ ಈ ಅಣುಗಳು ಕೊಬ್ಬು ಹೆಚ್ಚಿರುವ ಅಂಗಗಳನ್ನು ಅರಸಿಕೊಂಡು ಹೋಗುತ್ತವೆ, ಮತ್ತು ದೇಹದಲ್ಲಿ ಕೊಬ್ಬಿನಂಶ ಹೆಚ್ಚಾಗಿರುವ ಅಂಗಗಳಲ್ಲಿ ಮಿದುಳೂ ಒಂದು. ತಕ್ಷಣದ ಪರಿಣಾಮ ಅಮಲಿನದು: ತಲೆಸುತ್ತು, ತಲೆನೋವು, ವಾಕರಿಕೆ, ಕಾಲು ಹದ ತಪ್ಪುವುದು. ಹೊರಗಿನ ಗಾಳಿಗೆ ಬಂದ ಕೆಲವು ಗಂಟೆಗಳಲ್ಲಿ ಇವು ಇಳಿದುಹೋಗುವುದರಿಂದ ಕೆಲಸಗಾರರೂ ಮೇಲ್ವಿಚಾರಕರೂ ಇವನ್ನು ಕಸುಬಿನ ಸಹಜ ಭಾಗವೆಂದು ಒಪ್ಪಿಕೊಂಡುಬಿಡುತ್ತಾರೆ. ವರ್ಷಗಳ ಮೇಲೆ ಕಾಣುವ ಹಾನಿಯ ಬಗೆ ಬೇರೆ. ಅದನ್ನು ಉಂಟುಮಾಡುವುದು ಬಹುಪಾಲು ಮೂಲ ಅಣುವಲ್ಲ. ಅದನ್ನು ಹೊರಹಾಕಲೆಂದು ಪಿತ್ತಜನಕಾಂಗದ ಕಿಣ್ವಗಳು ನಡೆಸುವ ರೂಪಾಂತರದ ನಡುವೆ ಹುಟ್ಟುವ ವಸ್ತುಗಳು. ಪೆಟ್ರೋಲಿನಲ್ಲಿಯೂ ಹಲವು ದ್ರಾವಕಗಳಲ್ಲಿಯೂ ಇರುವ ಹೆಕ್ಸೇನ್ ಇದಕ್ಕೆ ಸ್ಪಷ್ಟ ಉದಾಹರಣೆ: ದೇಹದಲ್ಲಿ ಅದು 2,5-ಹೆಕ್ಸೇನ್‌ಡಯೋನ್ ಎಂಬ ವಸ್ತುವಾಗಿ ಮಾರ್ಪಟ್ಟು, ಉದ್ದನೆಯ ನರತಂತುಗಳ ಒಳಗಿನ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ, ಅದರ ಫಲವಾಗಿ ಬೆರಳ ತುದಿಗಳಲ್ಲಿ ಜೋಮು ಆರಂಭವಾಗಿ ಕೈಕಾಲುಗಳ ಬಲ ಕುಂದುತ್ತದೆ. ಮಿಥೈಲ್ ಈಥೈಲ್ ಕೀಟೋನ್ ಎಂಬ ಮತ್ತೊಂದು ದ್ರಾವಕ ತಾನೊಂದೇ ಇದ್ದಾಗ ನರಗಳಿಗೆ ಇಂಥ ಹಾನಿ ಮಾಡದಿದ್ದರೂ ಹೆಕ್ಸೇನಿನ ಜೊತೆಗಿದ್ದಾಗ ಅದರ ವಿಷಗುಣವನ್ನು ಹೆಚ್ಚಿಸುತ್ತದೆ. ಬೆಂಜೀನ್ ಇದೇ ರೀತಿಯಲ್ಲಿ ಮಾರ್ಪಟ್ಟು ಮೂಳೆಮಜ್ಜೆಯನ್ನು, ಅಂದರೆ ರಕ್ತಕಣಗಳು ಹುಟ್ಟುವ ತಾಣವನ್ನು ತಲುಪುತ್ತದೆ; ರಕ್ತಹೀನತೆಯಿಂದ ರಕ್ತಕ್ಯಾನ್ಸರಿನವರೆಗೆ ಅದರ ಪರಿಣಾಮಗಳು ಚಾಚಿಕೊಂಡಿರುವುದರಿಂದಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ.

ಕಿವಿಯ ವಿಷಯ ಇಲ್ಲಿ ಹೇಳದೆ ಬಿಡುವಂಥದ್ದಲ್ಲ. ವಿಮಾನ ನಿರ್ವಹಣೆಯ ಕೆಲಸಗಾರರಿಗೆ ಶ್ರವಣಶಕ್ತಿ ಕುಗ್ಗಿದರೆ ಎಂಜಿನ್ನಿನ ಗದ್ದಲವೇ ಕಾರಣವೆಂದು ಯಾರಾದರೂ ಊಹಿಸುತ್ತಾರೆ. ಆದರೆ ಇಂಧನದ ಆವಿಗೆ ಒಡ್ಡಿದ ಇಲಿಗಳು ಅದೇ ಮಟ್ಟದ ಸದ್ದನ್ನು ಕೇಳಿದಾಗ, ಬರಿಯ ಸದ್ದಿಗೆ ಒಡ್ಡಿದ ಇಲಿಗಳಿಗಿಂತ ಹೆಚ್ಚು ಶ್ರವಣಶಕ್ತಿ ಕಳೆದುಕೊಂಡವೆಂದು ಪ್ರಯೋಗಗಳು ತೋರಿಸಿವೆ. ಗದ್ದಲಕ್ಕೊಂದು ಮಿತಿ, ಆವಿಗೊಂದು ಮಿತಿ ಎಂದು ಬೇರೆ ಬೇರೆ ನಿಯಮ ಬರೆದು ಎರಡನ್ನೂ ಪಾಲಿಸಿದರೆ ಸಾಕೆಂಬ ಲೆಕ್ಕಾಚಾರವನ್ನು ಈ ಒಂದು ಸಂಗತಿಯೇ ಅಲುಗಾಡಿಸುತ್ತದೆ.

ಎಚ್ಚರಿಕೆ ಬಹಳ ಮೊದಲೇ ಸಿಕ್ಕಿತ್ತು. 1970ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಜೆಟ್ ಎಂಜಿನ್ ಕಾರ್ಖಾನೆಯ ಕೆಲಸಗಾರರನ್ನು ಪರೀಕ್ಷಿಸಿ, 1976 ಮತ್ತು 1978ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಮೊದಲ ಅಧ್ಯಯನದಲ್ಲಿ ಇಂಧನದ ಸಂಪರ್ಕ ಹೆಚ್ಚಾಗಿದ್ದವರೆಲ್ಲರೂ ತಲೆಸುತ್ತು, ಎದೆಬಡಿತ, ಉಸಿರಾಟದ ತೊಂದರೆಗಳನ್ನು ಹೇಳಿಕೊಂಡರು. ಎರಡನೆಯದರಲ್ಲಿ ಅದೇ ಕಾರ್ಖಾನೆಯ ಇಂಧನ ಮುಟ್ಟದ 30 ಮಂದಿಯೊಂದಿಗೆ ಹೋಲಿಸಿದಾಗ, ಇಂಧನದೊಂದಿಗೆ ವರ್ಷಗಟ್ಟಲೆ ದುಡಿದ 30 ಮಂದಿಯಲ್ಲಿ ಸತತ ಆಯಾಸ, ಖಿನ್ನತೆ, ನೆನಪು ಮತ್ತು ಏಕಾಗ್ರತೆಯ ಕೊರತೆ, ನರಗಳ ದುರ್ಬಲತೆಯ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ಸಂಖ್ಯೆ ಚಿಕ್ಕದೆಂಬುದು ನಿಜ. ಆದರೂ ಈ ಫಲಿತಾಂಶಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ವರ್ಷಗಳಲ್ಲೇ ಭೂಮಿಯ ಇನ್ನೊಂದು ತುದಿಯಲ್ಲಿ, ಅವುಗಳ ಸುಳಿವಿಲ್ಲದೆ, ಇನ್ನೂ ಕಠಿಣವಾದ ಕೆಲಸವೊಂದು ಆರಂಭವಾಗಿತ್ತು.

ಆಸ್ಟ್ರೇಲಿಯಾ ತನ್ನ ವಾಯುಪಡೆಗಾಗಿ ಅಮೆರಿಕದ ಎಫ್-111 ಬಾಂಬರ್ ವಿಮಾನಗಳನ್ನು 1963ರಲ್ಲಿ ಕೋರಿ, ಹತ್ತು ವರ್ಷ ಕಾದು, 1973ರಲ್ಲಿ 24 ವಿಮಾನಗಳನ್ನು ಪಡೆಯಿತು. ಅವುಗಳ ನೆಲೆ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಇಪ್ಸ್‌ವಿಚ್ ಪಟ್ಟಣದ ಬಳಿಯ ಆಂಬರ್ಲಿ. ನೆಲಕ್ಕೆ ಹತ್ತಿರವಾಗಿ, ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಈ ವಿಮಾನದ ಮೈ ಗಾಳಿಯ ಉಜ್ಜಾಟದಿಂದ ವಿಪರೀತ ಕಾಯುತ್ತಿತ್ತು. ಆ ಶಾಖಕ್ಕೂ ತೇವಕ್ಕೂ ಸಿಕ್ಕಿದ ಮೂಲ ಸೀಲಂಟ್ ತನ್ನ ಗಟ್ಟಿತನ ಕಳೆದುಕೊಂಡು ಸಡಿಲವಾಗಿ, ಟ್ಯಾಂಕುಗಳು ಸೋರಲಾರಂಭಿಸಿದವು. ಹಳೆಯ ಸೀಲಂಟನ್ನು ತೆಗೆದು ಹೊಸದನ್ನು ಹಾಕುವ ಮೊದಲ ದೊಡ್ಡ ಕಾರ್ಯಕ್ರಮ 1977ರಿಂದ 1982ರವರೆಗೆ ನಡೆಯಿತು. ಮುಂದೆ ರೆಕ್ಕೆಗಳಿಗೆಂದು 1985ರಿಂದ 1992ರವರೆಗೆ, ಮತ್ತೆ ಒಡಲಿಗೆಂದು 1991ರಿಂದ 1993ರವರೆಗೆ, ಸಿಂಪಡಿಸುವ ಸೀಲಂಟ್ ಬಳಸಿ 1996ರಿಂದ 1999ರವರೆಗೆ ಇನ್ನೂ ಮೂರು ಕಾರ್ಯಕ್ರಮಗಳು ನಡೆದವು. ಇವುಗಳ ನಡುವೆ, ಯಾವ ಕಾರ್ಯಕ್ರಮದ ಹೆಸರೂ ಇಲ್ಲದೆ, ಸೋರಿದ ಜಾಗವನ್ನು ಹುಡುಕಿ ಕೆರೆದು ತೇಪೆ ಹಾಕುವ ಕೆಲಸ ವಿಮಾನಗಳು ಬಂದ ದಿನದಿಂದಲೂ ನಡೆದೇ ಇತ್ತು.

ಮೊದಲ ಕಾರ್ಯಕ್ರಮದಲ್ಲಿ ಸೀಲಂಟನ್ನು ಮೆತ್ತಗಾಗಿಸಲು ಎಸ್‌ಆರ್-51 ಎಂಬ ದ್ರಾವಣವನ್ನು ಟ್ಯಾಂಕಿನೊಳಗೆ ಹಾಯಿಸುತ್ತಿದ್ದರು. ಆರೊಮ್ಯಾಟಿಕ್ ದ್ರಾವಕ, ಡೈಮಿಥೈಲ್ ಅಸಿಟಮೈಡ್ ಮತ್ತು ಗಂಧಕವುಳ್ಳ ಥಯೋಫೀನಾಲ್ ಅದರಲ್ಲಿದ್ದವು. ಥಯೋಫೀನಾಲಿನ ವಾಸನೆ ಎಷ್ಟು ಅಸಹ್ಯವೆಂದರೆ ಅದು ಚರ್ಮದಲ್ಲಿ ನೆಲೆಸಿ, ಸ್ನಾನ ಮಾಡಿದರೂ ಹೋಗದೆ, ಈ ಕೆಲಸಗಾರರನ್ನು ಸಹೋದ್ಯೋಗಿಗಳು ದೂರವಿಡುವಂತಾಯಿತು. ಮನೆಯ ಹಾಸಿಗೆ ಬಟ್ಟೆಗಳಿಗೂ ಅದು ಅಂಟಿಕೊಂಡಿತು. ದ್ರಾವಣದ ನಂತರ ನೀರಿನ ಧಾರೆ ಹಾಯಿಸಿ, ಆಮೇಲೆ ಉಳಿದುದನ್ನು ಕೈಯಲ್ಲಿ ಕೆರೆದು, ಮಿಥೈಲ್ ಈಥೈಲ್ ಕೀಟೋನಿನಿಂದ ಒರೆಸಿ, ಹೊಸ ಸೀಲಂಟ್ ಬಳಿಯಬೇಕಿತ್ತು. ಈ ಕೆಲಸಕ್ಕೆ ನಿಯೋಜಿತರಾದವರಲ್ಲಿ ಹಲವರು ಇನ್ನೂ ಎಳೆಯ ಪ್ರಾಯದ, ಕೆಳದರ್ಜೆಯ ಸೈನಿಕರು. ಕೈಗವಸುಗಳೂ ಮುಖವಾಡಗಳೂ ಆ ರಾಸಾಯನಿಕಗಳಿಗೆ ತಕ್ಕವಾಗಿರಲಿಲ್ಲ. ತಕ್ಕವಿದ್ದ ಕಡೆಯೂ ಕ್ವೀನ್ಸ್‌ಲ್ಯಾಂಡಿನ ಸೆಖೆಯಲ್ಲಿ, ಮೈ ಹೊರಳಿಸಲೂ ಆಗದ ಇಕ್ಕಟ್ಟಿನಲ್ಲಿ ಅವನ್ನು ತೊಟ್ಟು ಗಂಟೆಗಟ್ಟಲೆ ದುಡಿಯುವುದು ಕಷ್ಟಸಾಧ್ಯವಾಗಿತ್ತು. ದೂರು ಹೇಳುವುದು ಶಿಸ್ತಿನ ಪ್ರಶ್ನೆಯಾಗುವ ವ್ಯವಸ್ಥೆಯಲ್ಲಿ ತಲೆನೋವು, ಚರ್ಮದ ಗುಳ್ಳೆಗಳು ವರದಿಯಾಗದೆ ಉಳಿದವು.

2000ದ ಆರಂಭದಲ್ಲಿ ಕೆಲಸಗಾರರ ಅನಾರೋಗ್ಯವನ್ನು ಕಡೆಗಣಿಸಲಾಗದೆ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ವಾಯುಪಡೆ ನೇಮಿಸಿದ ತನಿಖಾ ಮಂಡಳಿ 2001ರಲ್ಲಿ ವರದಿ ಸಲ್ಲಿಸಿ, 400ಕ್ಕೂ ಹೆಚ್ಚು ಮಂದಿಗೆ ದೀರ್ಘಕಾಲದ ಹಾನಿಯಾಗಿದೆಯೆಂದು ಹೇಳಿತು. ತಪ್ಪನ್ನು ಒಬ್ಬ ಅಧಿಕಾರಿಯ ಮೇಲೆ ಹೊರಿಸದೆ, ಎರಡು ದಶಕಗಳ ಉದ್ದಕ್ಕೂ ವೈದ್ಯಕೀಯ ನಿಗಾ, ಸುರಕ್ಷತೆ, ಮೇಲ್ವಿಚಾರಣೆ ಎಲ್ಲವೂ ಒಟ್ಟಿಗೆ ಸೋತದ್ದನ್ನು ಮಂಡಳಿ ವಿವರಿಸಿತು. ವಿಮಾನಗಳನ್ನು ಹಾರಾಟಕ್ಕೆ ಸಿದ್ಧವಾಗಿಡುವ ಗುರಿಯ ಮುಂದೆ ಅವನ್ನು ಸಿದ್ಧಗೊಳಿಸುವ ಮನುಷ್ಯರ ಆರೋಗ್ಯ ಹಿಂದೆ ಸರಿದಿತ್ತೆಂಬುದು ಆ ವರದಿಯ ತಿರುಳು.

ಹಾನಿಯಾಗಿದೆ ಎನ್ನುವುದು ಒಂದು ಮಾತು. ಯಾವ ಹಾನಿ, ಎಷ್ಟು, ಯಾವುದರಿಂದ ಎಂಬುದನ್ನು ವಿಜ್ಞಾನದ ಅಳತೆಗೆ ತರುವುದು ಬೇರೊಂದು ಕೆಲಸ. ಅದಕ್ಕಾಗಿ ಕೈಗೊಂಡ ಅಧ್ಯಯನದ ವರದಿ 2004ರಲ್ಲಿ ಹೊರಬಂತು. ರೋಗಗಳು ಜನಸಮುದಾಯದಲ್ಲಿ ಹೇಗೆ ಹರಡಿವೆ ಎಂಬುದನ್ನು ಲೆಕ್ಕಹಾಕುವ ಸಾಂಕ್ರಾಮಿಕ ರೋಗಶಾಸ್ತ್ರದ ವಿಧಾನಗಳು ಸಾಂಕ್ರಾಮಿಕವಲ್ಲದ ರೋಗಗಳಿಗೂ ಅನ್ವಯಿಸುತ್ತವೆ, ಆದರೆ ಅವುಗಳಿಗೆ ಬೇಕಾದ ಮೊದಲ ಆಹಾರ ಯಾರು, ಎಷ್ಟು ಕಾಲ, ಎಷ್ಟು ಪ್ರಮಾಣದ ಆವಿಯಲ್ಲಿದ್ದರು ಎಂಬ ದಾಖಲೆ. ಆಂಬರ್ಲಿಯಲ್ಲಿ ಟ್ಯಾಂಕಿನೊಳಗಿನ ಗಾಳಿಯನ್ನು ಕ್ರಮವಾಗಿ ಅಳೆದು ಬರೆದಿಟ್ಟ ಲೆಕ್ಕವಿರಲಿಲ್ಲ. ಸಂಶೋಧಕರು ಕೆಲಸಗಾರರ ನೆನಪನ್ನೂ ಹಳೆಯ ನಿಯೋಜನೆಯ ಕಾಗದಗಳನ್ನೂ ಆಧಾರವಾಗಿಟ್ಟುಕೊಂಡು ಭೂತಕಾಲವನ್ನು ಮರುಕಟ್ಟಬೇಕಾಯಿತು.

ಯಾರೊಂದಿಗೆ ಹೋಲಿಸಬೇಕು ಎಂಬುದೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಸೈನ್ಯಕ್ಕೆ ಸೇರುವವರನ್ನು ವೈದ್ಯಕೀಯ ಪರೀಕ್ಷೆಯ ನಂತರವೇ ಆರಿಸುವುದರಿಂದ ಅವರು ಸಾಮಾನ್ಯ ಜನರಿಗಿಂತ ಆರೋಗ್ಯವಂತರಾಗಿರುತ್ತಾರೆ. ಕಸುಬಿನಿಂದ ಅವರ ಆರೋಗ್ಯ ಸ್ವಲ್ಪ ಕೆಟ್ಟರೂ ದೇಶದ ಸರಾಸರಿಯೊಂದಿಗೆ ಹೋಲಿಸಿದಾಗ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಇದನ್ನು ಆರೋಗ್ಯವಂತ ಕೆಲಸಗಾರನ ಪರಿಣಾಮ ಎನ್ನುತ್ತಾರೆ, ಮತ್ತು ಔದ್ಯೋಗಿಕ ರೋಗಗಳ ಚರಿತ್ರೆಯಲ್ಲಿ ಎಷ್ಟೋ ಹಾನಿಗಳು ಈ ತೆರೆಯ ಹಿಂದೆ ಮರೆಯಾಗಿವೆ. ಅದಕ್ಕಾಗಿಯೇ ಅಧ್ಯಯನಕಾರರು ಎರಡು ಗುಂಪುಗಳನ್ನು ಆರಿಸಿಕೊಂಡರು: ಆಂಬರ್ಲಿಯಲ್ಲೇ ಇದ್ದು ತಾಂತ್ರಿಕ ಕೆಲಸ ಮಾಡದವರು ಒಂದು ಗುಂಪು, ರಿಚ್ಮಂಡ್ ಎಂಬ ಬೇರೆ ನೆಲೆಯಲ್ಲಿ ವಿಮಾನಗಳ ತಾಂತ್ರಿಕ ಕೆಲಸವನ್ನೇ ಮಾಡುತ್ತಿದ್ದು ಸೀಲಂಟ್ ಕಾರ್ಯಕ್ರಮಕ್ಕೆ ಸೇರದವರು ಇನ್ನೊಂದು. ಇವರೊಂದಿಗೆ ತೂಗಿದಾಗ ಟ್ಯಾಂಕಿನೊಳಗೆ ದುಡಿದವರಲ್ಲಿ ಖಿನ್ನತೆ, ಆತಂಕ, ನೆನಪಿನ ಕೊರತೆ, ಲೈಂಗಿಕ ದೌರ್ಬಲ್ಯ, ಚರ್ಮದ ತೊಂದರೆಗಳು ಹೆಚ್ಚಾಗಿ ಕಂಡುಬಂದವು. ಕ್ಯಾನ್ಸರ್ ಪ್ರಕರಣಗಳು ಶೇಕಡ 40ರಿಂದ 50ರಷ್ಟು ಹೆಚ್ಚೆಂದು ಕಂಡರೂ ಅಂಕಿಅಂಶಗಳ ದೃಷ್ಟಿಯಿಂದ ಆ ಹೆಚ್ಚಳ ಖಚಿತತೆಯ ಗಡಿಯಲ್ಲಿತ್ತು. ಮನಸ್ಸಿಗೆ ಸಂಬಂಧಿಸಿದ ತೊಂದರೆಗಳನ್ನು ರಾಸಾಯನಿಕದ ಲೆಕ್ಕದಿಂದ ತೆಗೆದುಹಾಕಿ ಕೆಲಸಗಾರರ ಸ್ವಭಾವಕ್ಕೆ ಹೊರಿಸುವುದು ಬಹಳ ಕಾಲದ ರೂಢಿ. ಸ್ವೀಡನ್ನಿನ ಕಾರ್ಖಾನೆ ಮತ್ತು ಕ್ವೀನ್ಸ್‌ಲ್ಯಾಂಡಿನ ವಿಮಾನನೆಲೆ, ಒಂದರ ಗಾಳಿ ಇನ್ನೊಂದಕ್ಕೆ ತಾಗದ ಈ ಎರಡು ಜಾಗಗಳಲ್ಲಿ ಒಂದೇ ಬಗೆಯ ದೂರುಗಳು ಕೇಳಿಬಂದದ್ದು ಆ ರೂಢಿಗೆ ತಕ್ಕ ಉತ್ತರ.

ಇಷ್ಟೆಲ್ಲದರ ನಡುವೆ ಒಂದು ಸಂಗತಿ ಗಮನದಿಂದ ಜಾರಿಹೋಗಿತ್ತು. ಕೆಲಸಗಾರರ, ಅಧಿಕಾರಿಗಳ, ತನಿಖೆಗಾರರ ಅನುಮಾನವೆಲ್ಲ ದುರ್ವಾಸನೆಯ ಎಸ್‌ಆರ್-51ರ ಮೇಲೆ, ಹೊಸ ಹೊಸ ಹೆಸರುಗಳ ದ್ರಾವಕಗಳ ಮೇಲೆ ನೆಟ್ಟಿತ್ತು. ಟ್ಯಾಂಕಿನಲ್ಲಿ ಸದಾ ಇದ್ದ ಇಂಧನ ಎಲ್ಲರಿಗೂ ಪರಿಚಿತ ವಸ್ತು. ಅದನ್ನು ಸುತ್ತಲಿನ ಪರಿಸರದ ಭಾಗವೆಂದು ಭಾವಿಸಲಾಗಿತ್ತೇ ಹೊರತು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿರಲಿಲ್ಲ. ಯಾವ ಸೀಲಂಟ್ ಕಾರ್ಯಕ್ರಮಕ್ಕೂ ಸೇರದೆ ಬರಿಯ ಇಂಧನದೊಂದಿಗೆ ದುಡಿದ ನಿರ್ವಹಣಾ ಸಿಬ್ಬಂದಿಯೂ ಅಂಥದೇ ತೊಂದರೆಗಳನ್ನು ಹೇಳಿಕೊಂಡಾಗ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕಾಯಿತು. ಆಸ್ಟ್ರೇಲಿಯಾ ಸರ್ಕಾರದ ನೆರವಿನಿಂದ ಬ್ರಿಸ್ಬೇನಿನಲ್ಲಿ ನಡೆದು 2015ರಲ್ಲಿ ಬೆಳಕಿಗೆ ಬಂದ ಅಧ್ಯಯನದಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯಕೋಶಗಳ ಮೇಲೆ ಇಂಧನವನ್ನೂ ದ್ರಾವಕಗಳನ್ನೂ ಪರೀಕ್ಷಿಸಲಾಯಿತು. ವಿಮಾನ ಇಂಧನ ತಾನೇ ಕೋಶಗಳಿಗೆ ವಿಷಕಾರಿಯೆಂದು ಅಲ್ಲಿ ಕಂಡುಬಂತು. ಗಾಜಿನ ತಟ್ಟೆಯ ಕೋಶಕ್ಕೂ ಇಡೀ ಮನುಷ್ಯನಿಗೂ ನಡುವೆ ದೂರ ಬಹಳವಿರುವುದರಿಂದ ಇಂತಿಂಥ ರೋಗಕ್ಕೆ ಇಂಧನವೇ ಕಾರಣವೆಂಬ ತೀರ್ಮಾನವನ್ನು ಇದೊಂದರಿಂದಲೇ ಎಳೆಯಲಾಗದು. ಆದರೂ ಪರಿಚಿತ ವಸ್ತುವಿಗೆ ಅದುವರೆಗೆ ಸಿಕ್ಕಿದ್ದ ವಿನಾಯಿತಿ ಅಲ್ಲಿಗೆ ಮುಗಿಯಿತು.

ಅಮೆರಿಕದ ವಾಯುಪಡೆಯ ಅನುಭವ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ತಟ್ಟಿತು. ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುತ್ತಿದ್ದ ಜೆಪಿ-4 ಇಂಧನವನ್ನು ಕೈಬಿಟ್ಟು, ಸೀಮೆಎಣ್ಣೆಯನ್ನು ಆಧರಿಸಿದ ಜೆಪಿ-8ಕ್ಕೆ ಅದು 1990ರ ದಶಕದ ಮಧ್ಯದ ಹೊತ್ತಿಗೆ ಪೂರ್ತಿಯಾಗಿ ಬದಲಾಯಿತು. ಬೆಂಕಿಯ ಅಪಾಯ ಕಡಿಮೆಯಾಯಿತು, ಬೆಂಜೀನಿನ ಪ್ರಮಾಣವೂ ಇಳಿಯಿತು. ಎರಡೂ ನಿಜವಾದ ಲಾಭಗಳು. ಆದರೆ ಬೇಗ ಆವಿಯಾಗದ ಇಂಧನ ಚರ್ಮದ ಮೇಲೂ ಬಟ್ಟೆಯ ಮೇಲೂ ಹೆಚ್ಚು ಹೊತ್ತು ಉಳಿಯುತ್ತದೆ, ಮತ್ತು ಹನಿಗಳ ರೂಪದಲ್ಲಿ ಶ್ವಾಸಕೋಶವನ್ನು ಹೊಗುತ್ತದೆ. ಟ್ಯಾಂಕಿನೊಳಗೆ ಇಳಿಯುವ ಕೆಲಸಗಾರರ ಉಸಿರನ್ನು ಪರೀಕ್ಷಿಸಿದಾಗ ನ್ಯಾಫ್ತಲೀನ್ ಎದ್ದು ಕಾಣುವಷ್ಟು ಸಿಕ್ಕಿತು. 1996ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರು ಪ್ರತಿ ಘನ ಮೀಟರ್ ಗಾಳಿಗೆ 350 ಮಿಲಿಗ್ರಾಂ ಎಂಬ ಮಿತಿಯನ್ನು ತಾತ್ಕಾಲಿಕವಾಗಿ ಒಪ್ಪಿದ್ದರು. ಅದೇ ಮಂಡಳಿಯ 2003ರ ವರದಿ ಆ ಮಿತಿ ಕೆಲಸಗಾರರನ್ನು ಕಾಪಾಡಲು ಸಾಕಾಗದಿರಬಹುದೆಂದು ಹೇಳಿತು. ಸುರಕ್ಷಿತವೆಂದು ಒಮ್ಮೆ ಬರೆದ ಅಂಕಿ ಏಳೇ ವರ್ಷಗಳಲ್ಲಿ ಅಲುಗಿತು. ಆ ಅಂಕಿಯನ್ನು ನಂಬಿ ಟ್ಯಾಂಕಿಗೆ ಇಳಿದವರು ಆ ಏಳು ವರ್ಷ ಎಳೆದ ಉಸಿರನ್ನು ಮಾತ್ರ ತಿದ್ದುವಂತಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ವಿದ್ಯಮಾನ ಬೆಂಗಳೂರಿನ ವಿಮಾನ ಕಾರ್ಖಾನೆಗಳಿಗಷ್ಟೇ ಸಂಬಂಧಿಸಿದ್ದಲ್ಲ. ಊರೂರಿನ ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರ್ ತೊಳೆಯಲು, ಗ್ರೀಸ್ ಹಿಡಿದ ಬಿಡಿಭಾಗಗಳನ್ನು ನೆನೆಹಾಕಲು, ದಿನದ ಕೊನೆಗೆ ಕೈ ತೊಳೆಯಲು ಕೂಡ ಪೆಟ್ರೋಲನ್ನೋ ಸೀಮೆಎಣ್ಣೆಯನ್ನೋ ಬಳಸುವ ಅಭ್ಯಾಸ ಇಂದಿಗೂ ಇದೆ. ಪೈಪನ್ನು ಬಾಯಿಗಿಟ್ಟು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದೂ ಇದೆ, ಆಗ ಒಂದು ಗುಟುಕು ಶ್ವಾಸಕೋಶಕ್ಕೆ ಜಾರಿದರೂ ನ್ಯುಮೋನಿಯಾ ಖಚಿತವೆನ್ನುವಷ್ಟು ಅಪಾಯ. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಜಾರಿಗೆ ಬಂದ ಬಿಎಸ್-6 ಮಾನದಂಡದ ಪ್ರಕಾರ ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡ 1ನ್ನು ಮೀರುವಂತಿಲ್ಲ. ಆ ಶೇಕಡ 1 ಕೂಡ ದಿನಕ್ಕೆ ಹತ್ತಾರು ಬಾರಿ ಬರಿಗೈಯನ್ನು ಅದರಲ್ಲಿ ಅದ್ದುವ ಹುಡುಗನ ಪಾಲಿಗೆ ಕಡಿಮೆಯೇನಲ್ಲ. ಬೆಂಜೀನ್ ವಿಷಬಾಧೆಯನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ 1948ರ ಕಾರ್ಖಾನೆ ಕಾಯಿದೆ ಸೇರಿಸಿತ್ತು. ಆದರೆ ಇಬ್ಬರು ಮೂವರು ದುಡಿಯುವ ಗ್ಯಾರೇಜು ಆ ಕಾಯಿದೆಯ ಅರ್ಥದಲ್ಲಿ ಕಾರ್ಖಾನೆಯೇ ಆಗಿರಲಿಲ್ಲ.

ಮಾಡಬೇಕಾದುದು ತಿಳಿಯದ ವಿದ್ಯೆಯೇನೂ ಅಲ್ಲ. ಟ್ಯಾಂಕಿನೊಳಗೆ ಹೊರಗಿನ ಶುದ್ಧ ಗಾಳಿಯನ್ನು ನಿರಂತರವಾಗಿ ಹಾಯಿಸುವುದು, ಇಂಧನ ತೂರದ ನೈಟ್ರೈಲ್ ಕೈಗವಸುಗಳನ್ನು ಕೊಟ್ಟು ಆಗಾಗ ಬದಲಾಯಿಸುವುದು, ತೊಯ್ದ ಬಟ್ಟೆಯನ್ನು ಆ ಕ್ಷಣವೇ ಕಳಚಲು ಬಿಡುವುದು, ಪಾಳಿಯ ಕೊನೆಗೆ ಮೂತ್ರದಲ್ಲಿ ನ್ಯಾಫ್ತಲೀನಿನ ಉಳಿಕೆಗಳನ್ನು ಅಳೆಯುವುದು ಇವೆಲ್ಲ ಈಗಾಗಲೇ ಸಾಧ್ಯವಿರುವ ಕೆಲಸಗಳು. ಇವುಗಳಲ್ಲಿ ಕೊನೆಯದಕ್ಕೆ ವಿಶೇಷ ಮಹತ್ವವಿದೆ, ಏಕೆಂದರೆ ಅದು ಗಾಳಿಯಿಂದ ಬಂದದ್ದನ್ನೂ ಚರ್ಮದಿಂದ ಇಳಿದದ್ದನ್ನೂ ಒಟ್ಟಿಗೆ ಹಿಡಿಯುತ್ತದೆ ಮತ್ತು ಕೆಲಸಗಾರನ ಹೆಸರಿನಲ್ಲಿ ದಾಖಲೆಯೊಂದನ್ನು ಉಳಿಸುತ್ತದೆ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಆಂಬರ್ಲಿಯ ಕೆಲಸಗಾರರು ಎರಡನೆಯ ಬಾರಿ ಅನುಭವಿಸಿದರು. 2005ರಲ್ಲಿ ಆಸ್ಟ್ರೇಲಿಯಾ ಸರ್ಕಾರ 40,000 ಡಾಲರ್ ಮತ್ತು 10,000 ಡಾಲರ್ ಎಂಬ ಎರಡು ಹಂತಗಳ ಪರಿಹಾರ ಪ್ರಕಟಿಸಿದಾಗ, ಅರ್ಹತೆಯನ್ನು ಹೆಸರುಳ್ಳ ಸೀಲಂಟ್ ಕಾರ್ಯಕ್ರಮಗಳ ಸುತ್ತ ಬಿಗಿಯಾಗಿ ಕಟ್ಟಲಾಗಿತ್ತು. ಅದೇ ಟ್ಯಾಂಕುಗಳೊಳಗೆ ತೆವಳಿ ತೇಪೆ ಹಾಕಿದ ಎಷ್ಟೋ ಮಂದಿ ಆ ಗೆರೆಯ ಹೊರಗುಳಿದರು. ಸಂಸತ್ತಿನ ಸಮಿತಿಯೊಂದು ಅವರ ಮಾತನ್ನು ಕೇಳಿ, ಗೆರೆಯನ್ನು ಸಡಿಲಿಸಬೇಕೆಂದು 2009ರಲ್ಲಿ ವರದಿ ಕೊಟ್ಟಿತು. ಮರುವರ್ಷ ಸರ್ಕಾರ ಆರೋಗ್ಯ ಸೌಲಭ್ಯಗಳನ್ನು ಅವರಿಗೂ ವಿಸ್ತರಿಸಲು ಒಪ್ಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎಫ್-111 ವಿಮಾನಗಳು ಸೇವೆಯಿಂದ ನಿವೃತ್ತವಾದವು. ಮೊದಲ ಟ್ಯಾಂಕಿಗೆ ಇಳಿದವರ ವಯಸ್ಸು ಆಗ ಐವತ್ತು ದಾಟಿತ್ತು.